ಅಗ್ಗದ ಸೈಕಲ್ಲಿನ ಗುಣ ಮತ್ತು ಬೆಲೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರ ಮತ್ತು ಅತ್ತಿಗುಪ್ಪೆಗಳಿಗೆ ಹೊಂದಿಕೊಂಡು ಆರ್‌ಪಿಸಿ ಲೇಔಟ್ ಎಂಬ ಬಡಾವಣೆಯುಂಟು. ಹಂಪಿನಗರವೆಂದೂ ಅದನ್ನು ಕರೆಯುವರು. ಅಲ್ಲಿಯ ನಿವಾಸಿಗಳಿಗೆ ಶಾಲೆ, ಗ್ರಂಥಾಲಯ, ತರಕಾರಿ ಅಂಗಡಿ, ಮೆಟ್ರೋ ನಿಲ್ದಾಣ ಮೊದಲಾದುವೆಲ್ಲ ಎರಡು ಮೂರು ಕಿಲೋಮೀಟರುಗಳ ಒಳಗೇ ದೊರೆಯುತ್ತವೆ. ಈ ದೂರವನ್ನು ದಿನವೂ ನಡೆಯುವುದು ತುಸು ಶ್ರಮ. ಮೋಟಾರು ವಾಹನವನ್ನು ಹೂಡುವುದು ತುಸು ದುಂದು. ಸೈಕಲ್ಲಿಗೆ ಮಾತ್ರ ಇದು ಹೇಳಿ ಮಾಡಿಸಿದ ದೂರ. ಹೀಗಿದ್ದರೂ ಇಂಥ ಬಡಾವಣೆಗಳ ಮನೆಗಳ ಮೆಟ್ಟಿಲ ಕೆಳಗೆ ಮತ್ತು ವಾಹನ ನಿಲ್ಲಿಸುವ ಮೂಲೆಗಳಲ್ಲಿ, ಗಾಳಿಯಿಳಿದು, ಚೈನು ತುಕ್ಕು ಹಿಡಿದು, ಧೂಳು ಮುಸುಕಿದ ಸೈಕಲ್ಲುಗಳನ್ನು ಎಷ್ಟೋ ಕಾಣಬಹುದು. ಅವುಗಳಲ್ಲಿ ಬಹುಪಾಲು ಮುದಿ ಸೈಕಲ್ಲುಗಳಲ್ಲ. ದೊಡ್ಡ ಮಳಿಗೆಯಿಂದಲೋ ಅಂತರ್ಜಾಲದ ಮೂಲಕವೋ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಒಂದೆರಡು ವರ್ಷಗಳಲ್ಲೇ ಮೂಲೆ ಸೇರಿದುವು.

ಇದಕ್ಕೆ ಕಾರಣವೇನು? ಕೊಂಡವರ ಸೋಮಾರಿತನವೆ, ಬೀದಿಗಳ ದಟ್ಟಣೆಯೆ, ಅಥವಾ ಸೈಕಲ್ಲಿನಲ್ಲೇ ಏನಾದರೂ ಕೊರತೆಯಿದೆಯೆ? ಮೊದಲೆರಡು ಕಾರಣಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಲೇಖನದಲ್ಲಿ ನಾವು ಮೂರನೆಯದನ್ನು ಮಾತ್ರ ಪರಿಶೀಲಿಸೋಣ. ಐದಾರು ಸಾವಿರ ರೂಪಾಯಿಗಳಿಗೆ ದೊರೆಯುವ ಸೈಕಲ್ಲು ಆ ಬೆಲೆಗೆ ತಕ್ಕದ್ದೆ? ಅದನ್ನು ತಯಾರಿಸುವವನು ಎಲ್ಲೆಲ್ಲಿ ಹಣವನ್ನು ಉಳಿಸಿರುತ್ತಾನೆ? ಆ ಉಳಿತಾಯದಲ್ಲಿ ನಿರುಪದ್ರವಿಯಾದುದು ಯಾವುದು, ಸವಾರನ ಮೈಗೆ ಅಪಾಯ ತರುವಂಥದು ಯಾವುದು?

ಸೈಕಲ್ಲು ಮಳಿಗೆ ಸೇರಿದ ಬಗೆ

ನಾವಿಂದು ಕಾಣುವ ಸೈಕಲ್ಲಿನ ರೂಪವು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ಹೊರತಂದ ‘ರೋವರ್’ ಸೈಕಲ್ಲಿನಿಂದ ಬಂದುದು. ಹೆಚ್ಚುಕಡಮೆ ಸಮನಾದ ಎರಡು ಚಕ್ರಗಳು, ಹಿಂದಿನ ಚಕ್ರಕ್ಕೆ ಚೈನು, ಇವೇ ಅದರ ಮುಖ್ಯ ಲಕ್ಷಣಗಳು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದ ಮೇಲೆ ಅದು ಸಾಮಾನ್ಯರ ವಾಹನವಾಯಿತು. ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿ ಸೈಕಲ್ ಕೈಗಾರಿಕೆ ಬೇಗನೆ ಬೆಳೆಯಿತು. ಮದರಾಸಿನ ಬಳಿಯ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿಯೂ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಸ್ಥಾಪಿತವಾದುವು. ಸೈಕಲ್ ತಯಾರಿಕೆಯಲ್ಲಿ ಇಂದು ಭಾರತವು ಚೀನಾದ ಅನಂತರ ಎರಡನೆಯ ಸ್ಥಾನದಲ್ಲಿದೆ.

ಆ ಕಾಲದಲ್ಲಿ ಸೈಕಲ್ಲನ್ನು ಮಾರುವವನೇ ಅದನ್ನು ಜೋಡಿಸುವವನೂ ದುರಸ್ತಿ ಮಾಡುವವನೂ ಆಗಿದ್ದನು. ಕಾರ್ಖಾನೆಯಿಂದ ಬಿಡಿಬಿಡಿಯಾಗಿ ಬಂದ ಭಾಗಗಳನ್ನು ಆತನು ಕೂಡಿಸಿ, ಚಕ್ರದ ಬೆಂಡು ತೆಗೆದು, ಗ್ರೀಸು ತುಂಬಿ ಕೊಡುತ್ತಿದ್ದನು. ಏನಾದರೂ ಕೆಟ್ಟರೆ ಕೊಂಡವನು ಮರುದಿನವೇ ಅದೇ ಅಂಗಡಿಯ ಮುಂದೆ ನಿಲ್ಲುತ್ತಿದ್ದನಾದ್ದರಿಂದ, ಕೆಲಸವನ್ನು ಸರಿಯಾಗಿ ಮಾಡುವುದು ಆತನ ಹಿತಕ್ಕೂ ಒಳ್ಳೆಯದಾಗಿತ್ತು. ಈಚಿನ ವರ್ಷಗಳಲ್ಲಿ ಈ ಏರ್ಪಾಡು ಬದಲಾಗಿದೆ. ಅಕ್ಕಿ, ಬಟ್ಟೆ, ಪಾತ್ರೆಗಳನ್ನು ಮಾರುವ ಸರ್ವವಸ್ತು ಮಳಿಗೆಗಳಲ್ಲಿ ಸೈಕಲ್ಲೂ ಒಂದು ಸಾಮಾನಾಗಿ ಸೇರಿಕೊಂಡಿತು. 2009ರಲ್ಲಿ ಫ್ರಾನ್ಸ್ ಮೂಲದ ಡೆಕತ್ಲಾನ್ ಎಂಬ ಕ್ರೀಡಾಸಾಮಗ್ರಿಯ ಸಂಸ್ಥೆಯು ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿಯೇ ತೆರೆದು, ತನ್ನದೇ ಮುದ್ರೆಯ ಸೈಕಲ್ಲುಗಳನ್ನು ಮಾರಿತು. ಅಂತರ್ಜಾಲದ ವ್ಯಾಪಾರವು ಬಂದ ಮೇಲಂತೂ ನೂರಕ್ಕೆ 85 ಪಾಲು ಜೋಡಿಸಿದ ಸೈಕಲ್ಲು ರಟ್ಟಿನ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬರುತ್ತದೆ. ಉಳಿದ 15 ಪಾಲನ್ನು ಕೊಂಡವನೇ ಪೂರೈಸಬೇಕು. ಆ 15 ಪಾಲಿನಲ್ಲಿ ಹ್ಯಾಂಡಲ್ಲು, ಪೆಡಲು, ಮುಂದಿನ ಚಕ್ರ ಮತ್ತು ಬ್ರೇಕು ಸೇರಿರುತ್ತವೆಂಬುದನ್ನು ವಾಚಕರು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ.ಯು ನೂರಕ್ಕೆ 12ರಿಂದ 5ಕ್ಕೆ ಇಳಿದಿರುವುದು ಕೊಳ್ಳುವವರಿಗೆ ಅನುಕೂಲವೇ ಸರಿ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ಗುಣ ಏರುವುದಿಲ್ಲ.

ಉಳಿತಾಯವು ಅಡಗಿರುವ ಸ್ಥಳಗಳು

ಅಗ್ಗದ ಸೈಕಲ್ಲೆಂದೊಡನೆ ಅದರ ಫ್ರೇಮು ಮುರಿದೀತೆಂದು ಜನರು ಹೆದರುವುದುಂಟು. ವಾಸ್ತವವಾಗಿ ಫ್ರೇಮೇ ಅದರ ಗಟ್ಟಿಯಾದ ಅಂಗ. ಅಗ್ಗದ ಫ್ರೇಮುಗಳನ್ನು ಸಾಮಾನ್ಯವಾಗಿ ಸಾಧಾರಣ ಉಕ್ಕಿನ ಕೊಳವೆಗಳಿಂದ ಬೆಸೆಯುತ್ತಾರೆ. ಈ ಉಕ್ಕಿಗೆ ಬಲ ಕಡಮೆಯಾದುದರಿಂದ ಕೊಳವೆಯ ಗೋಡೆಯನ್ನು ದಪ್ಪವಾಗಿಟ್ಟು ಆ ಕೊರತೆಯನ್ನು ತುಂಬುತ್ತಾರೆ. ಫಲವಾಗಿ ತೂಕ ಹೆಚ್ಚುತ್ತದೆ. ಆದರೆ ಉಕ್ಕಿಗೆ ಒಂದು ದೊಡ್ಡ ಗುಣವಿದೆ. ಒಂದು ಮಿತಿಯೊಳಗಿನ ಹೊರೆಯನ್ನು ಅದು ಎಷ್ಟು ಲಕ್ಷ ಬಾರಿಯಾದರೂ ದಣಿಯದೆ ಹೊರಬಲ್ಲುದು. ಅಲ್ಯೂಮಿನಿಯಮ್ಮಿಗೆ ಅಂಥ ಖಚಿತವಾದ ಮಿತಿ ಇಲ್ಲ. ಸಣ್ಣ ಹೊರೆಗಳೂ ಎಣಿಕೆ ಮೀರಿದಾಗ ಅದರಲ್ಲಿ ಬಿರುಕನ್ನು ತರಬಲ್ಲುವು. ಸೈಕಲ್ಲಿನ ಸುರಕ್ಷತೆಯನ್ನು ಕುರಿತ ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಒ. 4210ರಲ್ಲಿ, ಪೆಡಲಿನ ಸ್ಥಾನದಲ್ಲಿ ಭಾರವನ್ನು 1,00,000 ಬಾರಿ ಹೇರಿ ಫ್ರೇಮನ್ನು ಪರೀಕ್ಷಿಸುವ ಕ್ರಮವನ್ನು ಹೇಳಿರುವುದು ಈ ದಣಿವನ್ನು ಅಳೆಯುವುದಕ್ಕಾಗಿಯೇ.

ತೂಕದ ಮಾತನ್ನೂ ಲೆಕ್ಕ ಹಾಕಿ ನೋಡೋಣ. ಸವಾರನ ತೂಕ 60 ಕಿಲೋಗ್ರಾಂ, ಅಗ್ಗದ ಸೈಕಲ್ಲಿನದು 18, ಉತ್ತಮವಾದುದರದು 13 ಎಂದಿಟ್ಟುಕೊಳ್ಳಿ. ಒಟ್ಟು ತೂಕ 78 ಮತ್ತು 73. ಮೈಸೂರು ರಸ್ತೆಯ ಪಕ್ಕದ ವೃಷಭಾವತಿಯ ತಗ್ಗಿನಿಂದ ವಿಜಯನಗರದ ಏರನ್ನು ಹತ್ತುವಾಗ ಗುರುತ್ವಕ್ಕೆ ಎದುರಾಗಿ ಮಾಡಬೇಕಾದ ಕೆಲಸದಲ್ಲಿ ವ್ಯತ್ಯಾಸ ನೂರಕ್ಕೆ ಆರರಷ್ಟು ಮಾತ್ರ. ಟಯರಿನಲ್ಲಿ ಗಾಳಿ ಕಡಮೆಯಿದ್ದರೆ ಅಥವಾ ಚಕ್ರದ ಗುಂಡುಗಳು ಬಿಗಿಯಾಗಿದ್ದರೆ ಆಗುವ ನಷ್ಟವನ್ನು ಕಾಲುಗಳು ಇದಕ್ಕಿಂತ ಬೇಗ ಅರಿಯುತ್ತವೆ. ಆದುದರಿಂದ ಭಾರವಾದ ಉಕ್ಕಿನ ಫ್ರೇಮು ದೋಷವೇ ಆದರೂ ಕ್ಷಮಾರ್ಹವಾದ ದೋಷ.

ನಿಜವಾದ ಉಳಿತಾಯವು ಕಣ್ಣಿಗೆ ಬೀಳದ, ಆದರೆ ತಿರುಗುವ ಭಾಗಗಳಲ್ಲಿ ಅಡಗಿರುತ್ತದೆ. ಮೊದಲನೆಯದು ಚಕ್ರ. ಚಕ್ರದ ಕಡ್ಡಿಗಳು ಕಂಬಗಳಂತೆ ಭಾರವನ್ನು ಹೊರುತ್ತವೆಂದು ಹಲವರು ತಿಳಿದಿರುವರು. ಅಷ್ಟು ತೆಳುವಾದ ತಂತಿ ಒತ್ತಡಕ್ಕೆ ಕೂಡಲೆ ಬಾಗಿಹೋಗುವುದಲ್ಲವೆ? ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುವುದರಿಂದ, ಭಾರ ಬಿದ್ದಾಗ ನೆಲಕ್ಕೆ ಹತ್ತಿರವಿರುವ ಕಡ್ಡಿಗಳ ಬಿಗಿ ತುಸು ಇಳಿಯುತ್ತದೆ. ಚಕ್ರ ಉರುಳಿದಂತೆ ಆ ಬಿಗಿ ಮರಳಿ ಬರುತ್ತದೆ. ಹೀಗೆ ಪ್ರತಿ ಸುತ್ತಿನಲ್ಲಿಯೂ ಪ್ರತಿಯೊಂದು ಕಡ್ಡಿಯೂ ಒಮ್ಮೆ ಸಡಿಲಗೊಂಡು ಒಮ್ಮೆ ಬಿಗಿಯಾಗುತ್ತದೆ. 26 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.07 ಮೀಟರು, ಒಂದು ಕಿಲೋಮೀಟರಿಗೆ ಅದು ಸುಮಾರು 480 ಬಾರಿ ಸುತ್ತುತ್ತದೆ. ದಿನಕ್ಕೆ 4 ಕಿಲೋಮೀಟರಿನಂತೆ ವರ್ಷಕ್ಕೆ 200 ದಿನ ಶಾಲೆಗೆ ಹೋಗಿಬರುವ ಹುಡುಗಿಯ ಸೈಕಲ್ಲಿನಲ್ಲಿ ಪ್ರತಿಯೊಂದು ಕಡ್ಡಿಯೂ ವರ್ಷಕ್ಕೆ 3,84,000 ಬಾರಿ ಹೀಗೆ ಸಡಿಲಗೊಂಡು ಬಿಗಿಯಾಗುತ್ತದೆ. ಕಡ್ಡಿಗಳು ತಕ್ಕಷ್ಟು ಬಿಗಿಯಾಗಿದ್ದರೆ ಇದರಿಂದ ತೊಂದರೆಯಿಲ್ಲ. ಯಂತ್ರದಲ್ಲಿ ಅವಸರದಿಂದ ಕಟ್ಟಿದ, ಮತ್ತೆ ಮನುಷ್ಯನ ಕೈ ಸೋಕದ ಚಕ್ರದಲ್ಲಿ ಕಡ್ಡಿಗಳು ಪೂರ್ತಿ ಸಡಿಲಗೊಂಡು, ಕೊಕ್ಕೆಯ ಬಳಿ ಹಿಂದಕ್ಕೂ ಮುಂದಕ್ಕೂ ಬಳುಕಿ, ಒಂದೊಂದಾಗಿ ಮುರಿಯತೊಡಗುತ್ತವೆ. ಒಂದು ಮುರಿದರೆ ಅದರ ಹೊರೆ ನೆರೆಯ ಕಡ್ಡಿಗಳ ಪಾಲಿಗೆ ಬೀಳುವುದು, ರಿಮ್ಮು ಬೆಂಡಾಗುವುದು.

ಎರಡನೆಯದು ಗುಂಡುಗಳು. ಚಕ್ರದ ನಡುವೆ, ಪೆಡಲಿನ ಅಚ್ಚಿನಲ್ಲಿ, ಹ್ಯಾಂಡಲ್ಲಿನ ಬುಡದಲ್ಲಿ ಉಕ್ಕಿನ ಗುಂಡುಗಳು ಬಟ್ಟಲು ಮತ್ತು ಕೋನುಗಳ ನಡುವೆ ಉರುಳುತ್ತವೆ. ಈ ಮೇಲ್ಮೈಗಳು ಗಡುಸಾಗಿಯೂ ನುಣುಪಾಗಿಯೂ ಇರಬೇಕು. ಬೆಲೆ ಇಳಿಸುವವನು ಇಲ್ಲಿ ಮೆದು ಲೋಹವನ್ನು ಬಳಸುತ್ತಾನೆ, ಗ್ರೀಸನ್ನು ಹಣೆಗೆ ವಿಭೂತಿಯಿಟ್ಟಂತೆ ಸವರುತ್ತಾನೆ. ಕೋನು ಬಿಗಿಯಾದರೆ ಗುಂಡುಗಳು ಮೇಲ್ಮೈಯಲ್ಲಿ ಕುಳಿಗಳನ್ನು ಕೊರೆಯುತ್ತವೆ. ಸಡಿಲವಾದರೆ ಚಕ್ರ ಅಲುಗುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಿಂದ ‘ಕಟಕಟ’ ಸದ್ದು ಕೇಳಿಸತೊಡಗುವುದು.

ಮೂರನೆಯದು ಆಡಂಬರದ ಭಾಗಗಳು. ಕೆಳಬೆಲೆಯಲ್ಲಿಯೇ ಮುಂದೆ ಹಿಂದೆ ಸ್ಪ್ರಿಂಗು, ದಪ್ಪ ಟಯರು, 21 ಗೇರು ಇವೆಯೆಂದು ಫಲಕವು ಸಾರುತ್ತದೆ. ಆದರೆ ಸ್ಪ್ರಿಂಗಿನ ನೆಗೆತವನ್ನು ತಡೆಯುವ ಏರ್ಪಾಡು ಒಳಗಿಲ್ಲದಿದ್ದರೆ ಅಂಥ ಫೋರ್ಕು ಭಾರವನ್ನು ಹೆಚ್ಚಿಸಿ, ಪೆಡಲು ತುಳಿದಾಗಲೆಲ್ಲ ತಾನು ಕುಣಿದು, ಕಾಲಿನ ಶ್ರಮವನ್ನು ನುಂಗುತ್ತದೆ. ಗೇರಿನ ಲೆಕ್ಕವೂ ಹಾಗೆಯೇ. ಮುಂದಿನ ಹಲ್ಲುಚಕ್ರಗಳಲ್ಲಿ 28, 38, 48 ಹಲ್ಲುಗಳೂ ಹಿಂದೆ 14ರಿಂದ 28ರವರೆಗೆ ಏಳು ಹಲ್ಲುಚಕ್ರಗಳೂ ಇವೆಯೆನ್ನಿ. ಮೂರೇಳಲಿ ಇಪ್ಪತ್ತೊಂದು ನಿಜ. ಆದರೆ 48ಕ್ಕೆ 24 ಹಾಕಿದರೂ, 28ಕ್ಕೆ 14 ಹಾಕಿದರೂ ಪೆಡಲಿನ ಒಂದು ಸುತ್ತಿಗೆ ಚಕ್ರ ಎರಡೇ ಸುತ್ತು ತಿರುಗುತ್ತದೆ. 38ಕ್ಕೆ 18 ಹಾಕಿದರೆ ಬರುವುದೂ ಸುಮಾರು ಅಷ್ಟೇ. ಹೀಗೆ ಒಂದರ ಮೇಲೊಂದು ಬೀಳುವುವನ್ನೂ ಚೈನು ಓರೆಯಾಗಿ ತೇಯುವುವನ್ನೂ ಕಳೆದರೆ ಉಪಯೋಗಕ್ಕೆ ಉಳಿಯುವುದು ಅರ್ಧವೇ. ಆ ಅರ್ಧಕ್ಕಾಗಿ ತೆಳುತಗಡಿನ, ಬೇಗನೆ ಬಾಗುವ ಗೇರಿನ ಕೈಯನ್ನು ಹೊತ್ತು ತಿರುಗಬೇಕು. ಒಂದೇ ಗೇರಿನ ಸರಳ ಸೈಕಲ್ಲಿಗೆ ಅಷ್ಟೇ ಬೆಲೆಯಿದ್ದರೆ, ಅದೇ ಹಣವು ಅದರಲ್ಲಿ ಕಡಮೆ ಭಾಗಗಳಿಗೆ ಹಂಚಿಕೆಯಾಗಿರುವುದರಿಂದ ಒಂದೊಂದು ಭಾಗವೂ ಹೆಚ್ಚು ಚೆನ್ನಾಗಿರುವ ಸಂಭವವುಂಟು. ಕಾಸಿಗೆ ತಕ್ಕ ಕಜ್ಜಾಯವೆನ್ನುವ ಗಾದೆಯನ್ನು ಸೈಕಲ್ಲಿಗೆ ಅನ್ವಯಿಸುವಾಗ, ಆ ಕಾಸನ್ನು ಎಷ್ಟು ಕಜ್ಜಾಯಗಳಿಗೆ ಹಂಚಿದ್ದಾರೆಂಬುದನ್ನೂ ಕೇಳಬೇಕು.

ಮಳೆ ಮತ್ತು ಬ್ರೇಕು

ಮೇಲೆ ಹೇಳಿದ ದೋಷಗಳಿಂದ ಹಣ ಮತ್ತು ನೆಮ್ಮದಿ ಹಾಳಾಗಬಹುದು. ಬ್ರೇಕಿನ ದೋಷದಿಂದ ಪ್ರಾಣಕ್ಕೇ ಸಂಚಕಾರ. ಅಗ್ಗದ ಸೈಕಲ್ಲುಗಳಲ್ಲಿ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮುಗಳನ್ನು ಇಂದಿಗೂ ಕಾಣಬಹುದು. ಒಣಗಿದ್ದಾಗ ರಬ್ಬರಿನ ಕಟ್ಟೆಗಳು ಅವನ್ನು ಚೆನ್ನಾಗಿಯೇ ಹಿಡಿಯುತ್ತವೆ. ಒದ್ದೆಯಾದಾಗ ಆ ನುಣುಪಾದ ಮೇಲ್ಮೈಯ ಮೇಲೆ ನೀರಿನ ಪೊರೆ ನಿಂತು ಘರ್ಷಣೆಯು ಕೆಲವೇ ಪಾಲಿಗೆ ಇಳಿಯುತ್ತದೆ. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 5.6 ಮೀಟರು. ಒಣ ಬ್ರೇಕು ಈ ವೇಗವನ್ನು ಪ್ರತಿ ಸೆಕೆಂಡಿಗೆ 3 ಮೀಟರಿನಷ್ಟು ಕುಗ್ಗಿಸಬಲ್ಲುದಾದರೆ ಸೈಕಲ್ಲು ಸುಮಾರು 5 ಮೀಟರಿನಲ್ಲಿ ನಿಲ್ಲುವುದು. ಒದ್ದೆಯಾದ ಬ್ರೇಕು 1 ಮೀಟರಿನಷ್ಟು ಮಾತ್ರ ಕುಗ್ಗಿಸಿದರೆ ನಿಲ್ಲಲು 15 ಮೀಟರಿಗಿಂತ ಹೆಚ್ಚು ಬೇಕು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆ ಸಾಮಾನ್ಯವಾಗಿ ಸಂಜೆಗೇ ಬರುವುದು. ಮಕ್ಕಳು ಪಾಠ ಮುಗಿಸಿ ಮರಳುವ ವೇಳೆಯೂ ಅದೇ. ಇಳಿಜಾರಿನ ಅಡ್ಡರಸ್ತೆಯ ಕೊನೆಯಲ್ಲಿ ಬಸ್ಸು ಎದುರಾದಾಗ ಈ 10 ಮೀಟರುಗಳ ಅಂತರವೇ ಎಲ್ಲವನ್ನೂ ನಿರ್ಣಯಿಸುವುದು.

ಆದುದರಿಂದ ಬೇರೆ ಯಾವುದರಲ್ಲಿ ಉಳಿಸಿದರೂ ಅಲ್ಯೂಮಿನಿಯಂ ರಿಮ್ಮಿರುವ ಸೈಕಲ್ಲನ್ನೇ ಆರಿಸುವುದು ಲೇಸು. ಅಲ್ಯೂಮಿನಿಯಮ್ಮಿನ ಮೇಲೆ ಒದ್ದೆ ರಬ್ಬರು ಉಕ್ಕಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಡಿಸ್ಕ್ ಬ್ರೇಕು ನೀರಿನಲ್ಲಿ ನೆನೆದ ರಿಮ್ಮನ್ನು ಅವಲಂಬಿಸದಿರುವುದು ಒಂದು ಅನುಕೂಲ. ಆದರೆ ಅದರ ತಟ್ಟೆ ಸೊಟ್ಟಗಾಗಿದ್ದರೆ ಅಥವಾ ತಂತಿ ಸಡಿಲವಾಗಿದ್ದರೆ ಹೆಸರಿಗೆ ಮಾತ್ರ ಡಿಸ್ಕಾಗಿರುವುದು.

ಜೋಡಣೆಯ ಬೆಲೆ

ಒಂದೇ ಕಾರ್ಖಾನೆಯ, ಒಂದೇ ಬೆಲೆಯ ಎರಡು ಸೈಕಲ್ಲುಗಳಲ್ಲಿ ಒಂದು ಐದು ವರ್ಷ ಬಾಳಿ, ಇನ್ನೊಂದು ಐದು ತಿಂಗಳಿಗೇ ಕೆಡುವುದುಂಟು. ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಜೋಡಣೆಯೇ ಕಾರಣ. ಹೊಸ ಸೈಕಲ್ಲನ್ನು ಸರಿಯಾಗಿ ಕೂಡಿಸಿ, ಚಕ್ರದ ಬೆಂಡು ತೆಗೆದು, ಕೋನುಗಳನ್ನು ಹದಗೊಳಿಸಲು ನುರಿತ ಕೈಗೂ ಒಂದೆರಡು ಗಂಟೆ ಬೇಕು. ದಿನಕ್ಕೆ ಹತ್ತಾರು ಪೆಟ್ಟಿಗೆಗಳನ್ನು ಬಿಚ್ಚಬೇಕಾದ ಮಳಿಗೆಯಲ್ಲಿ ಅಷ್ಟು ವೇಳೆಯನ್ನು ಕೊಡುವವರಾರು? ಉತ್ತಮ ಮಳಿಗೆಗಳಲ್ಲಿ ಇದಕ್ಕಾಗಿ ದುರಸ್ತಿಯ ವಿಭಾಗವೇ ಇರುವುದುಂಟು. ಅದಿಲ್ಲದ ಕಡೆ ಫೋರ್ಕು ಹಿಂದುಮುಂದಾಗಿಯೂ ಬ್ರೇಕಿನ ಕಟ್ಟೆ ಟಯರಿಗೆ ಉಜ್ಜುವಂತೆಯೂ ಇರುವ ಸೈಕಲ್ಲುಗಳು ಮಾರಾಟಕ್ಕೆ ನಿಂತಿರುವುವು. ಮನೆಯಲ್ಲಿ ಜೋಡಿಸುವವರು ಮಾಡುವ ಸಾಮಾನ್ಯ ತಪ್ಪು ಇನ್ನೊಂದಿದೆ. ತುಳಿಯುವಾಗ ಪೆಡಲು ತಾನಾಗಿ ಬಿಚ್ಚಿಕೊಳ್ಳದಿರಲೆಂದು ಎಡ ಪೆಡಲಿನ ತಿರುಪನ್ನು ಎಡಕ್ಕೆ ಸುತ್ತುವಂತೆ ಮಾಡಿರುತ್ತಾರೆ. ಇದನ್ನರಿಯದೆ ಬಲಾತ್ಕಾರದಿಂದ ಬಲಕ್ಕೆ ತಿರುಗಿಸಿದರೆ ಒಳಗಿನ ಸುತ್ತುಗಳು ಕತ್ತರಿಸಿಹೋಗಿ, ಪೆಡಲು ಒಂದು ದಿನ ಸವಾರನ ಕಾಲಡಿಯಲ್ಲೇ ಕಳಚಿ ಬೀಳುವುದು.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 2021-22ರ ಸುಮಾರಿಗೆ ಸೈಕಲ್ ದುರಸ್ತಿಗಾರರು ಒಟ್ಟುಗೂಡಿ, ಕೆಡುವುದಕ್ಕಾಗಿಯೇ ಮಾಡಿದಂತಿರುವ ಅಗ್ಗದ ಸೈಕಲ್ಲುಗಳ ತಯಾರಿಕೆಯನ್ನು ನಿಲ್ಲಿಸಬೇಕೆಂದು ದೊಡ್ಡ ಮಳಿಗೆಗಳಿಗೂ ತಯಾರಕರಿಗೂ ಬಹಿರಂಗ ಮನವಿಯನ್ನು ಸಲ್ಲಿಸಿದರು. ಅಂಥ ಕೆಲವು ಸೈಕಲ್ಲುಗಳ ಆಯುಸ್ಸು ಸುಮಾರು 90 ಗಂಟೆಗಳ ಸವಾರಿ ಮಾತ್ರವೆಂಬ ಮಾತು ಆ ಚರ್ಚೆಯಲ್ಲಿ ಕೇಳಿಬಂದಿತು. ದಿನಕ್ಕೆ ಅರ್ಧ ಗಂಟೆಯಂತೆ ಲೆಕ್ಕ ಹಾಕಿದರೆ ಅದು ಆರು ತಿಂಗಳು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ ಆರಂಭವಾದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ದಾರಿ ಸುಗಮವಾಯಿತು. ಆದರೆ ಲಕ್ಷಗಟ್ಟಲೆ ಸೈಕಲ್ಲುಗಳನ್ನು ಅಲ್ಪಕಾಲದಲ್ಲಿ ಜೋಡಿಸಿ ಹಂಚಬೇಕಾದ ಆ ಯೋಜನೆಯಲ್ಲಿಯೂ ಗುಣಮಟ್ಟದ ದೂರುಗಳು ವರ್ಷವರ್ಷವೂ ಪತ್ರಿಕೆಗಳಲ್ಲಿ ಕಾಣಿಸಿಕೊಂಡುವು. ಕೊಳ್ಳುವವನು ಸರ್ಕಾರವಾಗಲಿ ಸಂಸಾರಸ್ಥನಾಗಲಿ, ಜೋಡಣೆಗೆ ಹಣವನ್ನೂ ವೇಳೆಯನ್ನೂ ತೆಗೆದಿಡದಿದ್ದರೆ ಫಲವು ಒಂದೇ.

ಲಾಭನಷ್ಟದ ಲೆಕ್ಕ

ಹಾಗಾದರೆ ಅಗ್ಗದ ಸೈಕಲ್ಲನ್ನು ಕೊಳ್ಳಲೇಬಾರದೆ? ಲೆಕ್ಕವು ಬೇರೆ ಉತ್ತರವನ್ನು ಕೊಡುತ್ತದೆ. ವರ್ಷಕ್ಕೆ 900 ಕಿಲೋಮೀಟರ್ ಸವಾರಿಯೆಂದು ಇಟ್ಟುಕೊಳ್ಳೋಣ. 6,000 ರೂಪಾಯಿಯ ಸೈಕಲ್ಲು ಎರಡು ವರ್ಷ ಬಾಳಿದರೆ 1,800 ಕಿಲೋಮೀಟರಿಗೆ 6,000 ರೂಪಾಯಿ. ಅಂದರೆ ಕಿಲೋಮೀಟರಿಗೆ 3 ರೂಪಾಯಿ 33 ಪೈಸೆ. 9,000 ರೂಪಾಯಿಯದು ಎಂಟು ವರ್ಷ ಬಾಳಿ, ದುರಸ್ತಿಗೆ 3,000 ರೂಪಾಯಿ ಹಿಡಿದರೂ, 7,200 ಕಿಲೋಮೀಟರಿಗೆ 12,000. ಕಿಲೋಮೀಟರಿಗೆ 1 ರೂಪಾಯಿ 67 ಪೈಸೆ, ಅಂದರೆ ಮೊದಲನೆಯದರ ಅರ್ಧ. ದಿನನಿತ್ಯ ಕೆಲಸಕ್ಕೆ ಹೋಗುವವನಿಗೆ ಎರಡನೆಯದೇ ಅಗ್ಗ. ಆದರೆ ಹತ್ತು ವರ್ಷದ ಮಗುವಿಗೆ ಎರಡು ವರ್ಷಗಳಲ್ಲಿ ಸೈಕಲ್ಲು ಗಿಡ್ಡವಾಗುವುದು ಖಂಡಿತ. ಆಗ 9,000 ರೂಪಾಯಿಯದರ ವೆಚ್ಚ ಕಿಲೋಮೀಟರಿಗೆ 5 ರೂಪಾಯಿಗೆ ಏರುವುದು. ಅದನ್ನು ತಮ್ಮನಿಗೋ ತಂಗಿಗೋ ನೆರೆಮನೆಯ ಮಗುವಿಗೋ ದಾಟಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಕಿರಿಯ ಮಕ್ಕಳಿಲ್ಲದ ಮನೆಗೆ, ಸರಳವಾದ ಮತ್ತು ಚೆನ್ನಾಗಿ ಜೋಡಿಸಿದ ಅಗ್ಗದ ಸೈಕಲ್ಲೇ ವಿವೇಕದ ಆಯ್ಕೆಯಾಗಬಹುದು.

ಹಾಲು, ಪತ್ರಿಕೆ ಹಂಚುವವರು ಇಂದಿಗೂ ಬಳಸುವ ಕಪ್ಪು ಬಣ್ಣದ ಹಳೆಯ ಮಾದರಿಯ ಸೈಕಲ್ಲನ್ನು ಇಲ್ಲಿ ನೆನೆಯಬೇಕು. ಅದಕ್ಕೆ ಚೆಲುವಿಲ್ಲ, ಭಾರವೂ ಹೆಚ್ಚು. ಆದರೆ ಅದರ ಭಾಗಗಳ ಅಳತೆಗಳು ದಶಕಗಳಿಂದ ಬದಲಾಗಿಲ್ಲ. ಚೈನಿನ ಕೊಂಡಿಗಳ ಅಂತರ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರು. ಗುಂಡು, ಕೋನು, ಕಾಟರ್ ಪಿನ್ನುಗಳು ಯಾವ ಊರಿನ ಅಂಗಡಿಯಲ್ಲಿಯೂ ದೊರೆಯುತ್ತವೆ. ಕೆಟ್ಟ ಭಾಗವನ್ನು ಕಳಚಿ ಹೊಸದನ್ನು ಹಾಕಲು ಸಾಧ್ಯವಾಗಿರುವ ವಸ್ತುವಿಗೆ ಮುಪ್ಪು ಬೇಗ ಬಾರದು.

ಕೊಳ್ಳುವ ಮುನ್ನ ಮಾಡತಕ್ಕ ಪರೀಕ್ಷೆಗಳು

ಯಾವ ಉಪಕರಣವೂ ಇಲ್ಲದೆ, ಹತ್ತು ನಿಮಿಷಗಳಲ್ಲಿ, ಅಂಗಡಿಯಲ್ಲಿಯೇ ಈ ಕೆಳಗಿನ ಪರೀಕ್ಷೆಗಳನ್ನು ಮಾಡಬಹುದು.

1. ಬ್ರೇಕಿನ ಹಿಡಿಯನ್ನು ಪೂರ್ತಿ ಒತ್ತಿರಿ. ಅದು ಹ್ಯಾಂಡಲ್ಲಿಗೆ ತಗುಲಬಾರದು. ಎರಡು ಪಕ್ಕದ ಕಟ್ಟೆಗಳೂ ಒಟ್ಟಿಗೆ ರಿಮ್ಮನ್ನು ಹಿಡಿಯಬೇಕು, ಟಯರನ್ನು ಮುಟ್ಟಬಾರದು. ಮಗುವಿನ ಸೈಕಲ್ಲಾದರೆ ಮಗುವಿನ ಕೈಯಿಂದಲೇ ಒತ್ತಿಸಿ ನೋಡಿರಿ.

2. ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿರಿ. ಕಟ್ಟೆಗೂ ರಿಮ್ಮಿಗೂ ನಡುವಣ ಸಂದು ಎಲ್ಲೆಡೆಯೂ ಸಮನಾಗಿರಬೇಕು. ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ಒಂದು ಪಕ್ಕದವೆಲ್ಲ ಹೆಚ್ಚುಕಡಮೆ ಒಂದೇ ಸ್ವರದಲ್ಲಿ ಮಿಡಿಯಬೇಕು.

3. ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಿಸಿರಿ. ಪೆಡಲಿನ ಕೈಯನ್ನೂ ಹಾಗೆಯೇ ಮಾಡಿರಿ. ‘ಟಕ್’ ಎಂದರೆ ಕೋನು ಸಡಿಲ. ತಿರುಗಿಸಿದಾಗ ಮರಳು ಅರೆದಂತಾದರೆ ಬಿಗಿ.

4. ಮುಂದಿನ ಬ್ರೇಕನ್ನು ಒತ್ತಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತೂಗಿರಿ. ಹ್ಯಾಂಡಲ್ಲಿನ ಬುಡ ಅಲುಗಬಾರದು.

5. ಫೋರ್ಕಿನ ತುದಿಯ ಬಾಗು ಮುಂದಕ್ಕಿದೆಯೆ, ಗಂಟೆಯೂ ಹಿಂದೆ ಮುಂದೆ ಬೆಳಕನ್ನು ಪ್ರತಿಫಲಿಸುವ ಬಿಲ್ಲೆಗಳೂ ಇವೆಯೆ ಎಂದು ನೋಡಿರಿ.

6. ಮೇಲಿನ ಅಡ್ಡಕೊಳವೆಯ ಎರಡು ಪಕ್ಕಕ್ಕೂ ಪಾದಗಳನ್ನು ನೆಲಕ್ಕೂರಿ ನಿಂತಾಗ ನಡುವೆ ನಾಲ್ಕು ಬೆರಳಿನಷ್ಟಾದರೂ ಎಡೆಯಿರಬೇಕು. ‘ಮಗು ಬೆಳೆಯುತ್ತದೆ’ ಎಂದು ದೊಡ್ಡದನ್ನು ಕೊಳ್ಳುವುದು ಬಟ್ಟೆಗೆ ಸರಿಯಾದೀತು, ಸೈಕಲ್ಲಿಗೆ ಸರಿಯಲ್ಲ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಕೊಂಡ ಸೈಕಲ್ಲನ್ನು ನೇರವಾಗಿ ಬಡಾವಣೆಯ ಸೈಕಲ್ ದುರಸ್ತಿಗಾರನ ಬಳಿಗೆ ಒಯ್ದು, ಎಲ್ಲ ತಿರುಪುಗಳನ್ನೂ ಪರೀಕ್ಷಿಸಿ, ಚಕ್ರದ ಬೆಂಡು ತೆಗೆದು, ಗ್ರೀಸು ತುಂಬಿಸಬೇಕು. ಒಂದು ತಿಂಗಳ ಸವಾರಿಯ ಅನಂತರ ಕಡ್ಡಿಗಳೂ ತಂತಿಗಳೂ ತಮ್ಮ ಸ್ಥಾನದಲ್ಲಿ ಕುಳಿತು ಸಡಿಲವಾಗುವುದರಿಂದ ಆಗ ಇನ್ನೊಮ್ಮೆ ಬಿಗಿ ಮಾಡಿಸಬೇಕು. ಇದಕ್ಕೆ ತಗಲುವ ಕೆಲವು ನೂರು ರೂಪಾಯಿಗಳನ್ನು ಸೈಕಲ್ಲಿನ ಬೆಲೆಯ ಭಾಗವೆಂದೇ ಎಣಿಸುವುದು ಯುಕ್ತ. ಮಳಿಗೆಯು ಬೆಲೆಯಿಳಿಸಲು ಕೈಬಿಟ್ಟ ಕೆಲಸವನ್ನು ಪೂರೈಸುವವನು ಆತನೇ.

ಅಂಥ ದುರಸ್ತಿಗಾರರ ಅಂಗಡಿಗಳು ನಗರದಲ್ಲಿ ಕಡಮೆಯಾಗುತ್ತಿವೆ. ವರ್ಷಕ್ಕೊಂದು ಪಂಕ್ಚರಿಗೆ ಮಾತ್ರ ಆತನನ್ನು ಹುಡುಕುವವರಿಂದ ಆತನ ಸಂಸಾರ ನಡೆಯಲಾರದು. ಮೂಲೆಯಲ್ಲಿ ಧೂಳು ಹಿಡಿದಿರುವ ಸೈಕಲ್ಲು ಯಾರ ಮನೆಯಲ್ಲಿದೆಯೋ ಅವರು ಹೊಸದನ್ನು ಕೊಳ್ಳುವ ಮೊದಲು ಅದನ್ನೊಮ್ಮೆ ಆತನ ಮುಂದೆ ನಿಲ್ಲಿಸಲಿ. ಫ್ರೇಮು ನೆಟ್ಟಗಿದ್ದರೆ, ಗುಂಡು, ಕಡ್ಡಿ, ಚೈನು, ಬ್ರೇಕಿನ ಕಟ್ಟೆಗಳನ್ನು ಬದಲಿಸಿದರೆ ಅದು ಮತ್ತೆ ಬೀದಿಗಿಳಿಯುವ ಸಂಭವವೇ ಹೆಚ್ಚು.